ಕೊನೆಯ ಬೆಂಚಿನ ವರ್ಲೀನ್

ಇಪ್ಪತ್ತೆರಡು ವರ್ಷ ನಾನು ಮಕ್ಕಳ ಕೋರ್ಟಿನ ಬಾಗಿಲಲ್ಲಿ ನಿಂತು ಹೆಸರು ಕೂಗಿದ್ದೇನೆ. ಕೂಗುವುದಕ್ಕೂ ಒಂದು ಕ್ರಮವಿದೆ. ಒಳಗೆ ಜಡ್ಜು ತಲೆಯಾಡಿಸಿದ ಮೇಲೆ ಪಡಸಾಲೆಗೆ ಬಂದು, ಮೊದಲು ಮೆಟ್ಟಿಲ ಕಡೆಗೆ, ಆಮೇಲೆ ಕಿಟಕಿಯ ಕಡೆಗೆ, ಕೊನೆಗೆ ಶೌಚಾಲಯದ ಕಡೆಗೆ ಮುಖ ಮಾಡಿ ಮೂರು ಸಲ ಕೂಗಬೇಕು. ಬಂದರೆ ಸರಿ. ಬಾರದಿದ್ದರೆ ಒಳಗೆ ಹೋಗಿ, "ಮೂರು ಸಲ ಕೂಗಿದೆ ಮಹಾಸ್ವಾಮಿ, ಯಾರೂ ಇಲ್ಲ" ಎನ್ನಬೇಕು. ಕೌಂಟಿಯವರು, ಅಂದರೆ ನಮ್ಮ ಜಿಲ್ಲೆಯ ಅಧಿಕಾರಿಗಳು, ಮನೆಯಿಂದ ಕರೆದೊಯ್ದ ಮಕ್ಕಳು ಮತ್ತೆ ಹೆತ್ತವರ ಹತ್ತಿರ ಹೋಗಬೇಕೋ, ಬೇರೆಯವರ ಮನೆಯಲ್ಲೇ ಬೆಳೆಯಬೇಕೋ ಎಂದು ತೀರ್ಮಾನವಾಗುವ ಕೋರ್ಟು ಅದು. ಅಲ್ಲಿಗೆ ಖುಷಿಯಿಂದ ಬರುವವರಿಲ್ಲ. ಯಾರೂ ಕರೆಯದೆ, ಯಾರ ಬಲವಂತವೂ ಇಲ್ಲದೆ, ವಾರ ತಪ್ಪದೆ ಬಂದವಳು ಒಬ್ಬಳೇ, ವರ್ಲೀನ್ ಸ್ಟಿಡಮ್.

ವರ್ಲೀನ್ ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವಳು. ಆಮೇಲೆ ಮೂವತ್ತೊಂದು ವರ್ಷ ನಮ್ಮ ಕೌಂಟಿಯ ಹದಿನಾಲ್ಕನೇ ನಂಬರಿನ ಸ್ಕೂಲ್ ಬಸ್ಸು ಓಡಿಸಿದಳು. ಗುಡ್ಡದ ಸಂದಿಗೊಂದಿಗಳ ಮನೆಗಳಿಂದ ಮಕ್ಕಳನ್ನು ಹತ್ತಿಸಿಕೊಂಡು, ನದಿಯ ದಂಡೆ ಹಿಡಿದು, ಫೋರ್ತ್ ಸ್ಟ್ರೀಟಿನ ರೈಲ್ವೆ ಗೇಟು ದಾಟಿ ಊರೊಳಕ್ಕೆ. ಒಂದೇ ಒಂದು ಅಪಘಾತವಿಲ್ಲ. ಆ ಗೇಟಿನಲ್ಲಿ ಕಲ್ಲಿದ್ದಲಿನ ಗೂಡ್ಸು ರೈಲು ಒಮ್ಮೊಮ್ಮೆ ಅಡ್ಡಲಾಗಿ ನಿಂತುಬಿಡುತ್ತದೆ. ನಿಂತರೆ ಅರ್ಧ ಗಂಟೆಯೂ ಆಗಬಹುದು, ಒಂದು ಗಂಟೆಯೂ ಆಗಬಹುದು. ನಮ್ಮ ಊರಿನ ಜನ ಕಾಯುವವರಲ್ಲ. ಎರಡು ವ್ಯಾಗನ್ ನಡುವಿನ ಕೊಂಡಿಯ ಮೇಲೆ ಹತ್ತಿ ಇಳಿಯುತ್ತಾರೆ, ಇಲ್ಲವೇ ಕೆಳಗೆ ನುಸುಳುತ್ತಾರೆ. ವರ್ಲೀನ್ ಮಾತ್ರ ಪ್ರತಿ ವರ್ಷ ಶಾಲೆ ಶುರುವಾದ ಮೊದಲ ದಿನ ಅದೇ ಗೇಟಿನಲ್ಲಿ ಬಸ್ಸು ನಿಲ್ಲಿಸಿ, ಮಕ್ಕಳ ಕಡೆ ತಿರುಗಿ, ಎಲ್ಲರ ಬಾಯಲ್ಲೂ ಹೇಳಿಸುತ್ತಿದ್ದಳು: "ನಿಂತ ರೈಲಿನ ಕೆಳಗೆ ನಾನು ನುಸುಳಲ್ಲ. ಏನೇ ಆಗ್ಲಿ ಕಾಯ್ತೀನಿ." ನನ್ನ ಇಬ್ಬರು ಮಕ್ಕಳೂ ಅದನ್ನು ಮನೆಗೆ ಬಂದು ಹಾಡಿನ ಹಾಗೆ ಹೇಳುತ್ತಿದ್ದರು. ತಲೆ ಚಿಟ್ಟು ಹಿಡಿಯುತ್ತಿತ್ತು.

ಅವಳು ಕೋರ್ಟಿಗೆ ಬಂದದ್ದಕ್ಕೆ ಕಾರಣ ಆ ಬಸ್ಸೇ. ಕೆಲಸದ ಕೊನೆಯ ವರ್ಷ, ಚರ್ಚಿನ ತಿರುವಿನಲ್ಲಿ ಹತ್ತುತ್ತಿದ್ದ ಅಕ್ಕ ತಂಗಿ ಇಬ್ಬರು ಒಂದು ಬೆಳಿಗ್ಗೆ ಅಲ್ಲಿರಲಿಲ್ಲ. ಒಂದು ನಿಮಿಷ ಕಾದಳು. ಮರುದಿನವೂ ಇಲ್ಲ. ಶಾಲೆಯಲ್ಲಿ ಕೇಳಿದರೆ "ಬೇರೆ ಕಡೆ ಇಟ್ಟಿದ್ದಾರೆ" ಎಂದರು, ಅಷ್ಟೇ. ಎಲ್ಲಿ, ಯಾರು, ಯಾಕೆ ಎನ್ನುವುದನ್ನು ಡ್ರೈವರಿಗೆ ಯಾರು ಹೇಳುತ್ತಾರೆ? ಆ ವರ್ಷ ಮುಗಿಯುವವರೆಗೂ ಅವಳು ಆ ತಿರುವಿನಲ್ಲಿ ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ಒಂದು ನಿಮಿಷ ನೋಡಿ, ಮುಚ್ಚಿಕೊಂಡು ಹೋಗುತ್ತಿದ್ದಳಂತೆ. ಇದನ್ನು ನನಗೆ ಹೇಳಿದವಳು ಅವಳೇ.

"ಯಾವುದೋ ಒಂದು ರೂಮಲ್ಲಿ ಕೂತು ಯಾರೋ ಅದನ್ನ ತೀರ್ಮಾನ ಮಾಡಿರ್ತಾರಲ್ಲ ಡೆಲ್ಮರ್. ಎಷ್ಟು ಹೊತ್ತು ಯೋಚ್ನೆ ಮಾಡಿರಬೋದು ಅಂತ ನಂಗೆ ನೋಡ್ಬೇಕಿತ್ತು ಕಣಯ್ಯ."

ನಿವೃತ್ತಿಯಾದ ವರ್ಷವೇ ಚರ್ಚಿನ ಗೋಡೆಯ ಮೇಲೆ ಚೀಟಿಯೊಂದು ಕಂಡಿತು. ಮಕ್ಕಳ ಕೋರ್ಟಿನಲ್ಲಿ ಕೂತು ವಿಚಾರಣೆ ನೋಡಿ ಬರೆಯುವ ಸ್ವಯಂಸೇವಕರು ಬೇಕಾಗಿದ್ದಾರೆ, ವಿಚಾರಣೆಗಳನ್ನು ಸುಧಾರಿಸುವುದೇ ಉದ್ದೇಶ ಎಂದು. ರಾಜಧಾನಿಯಿಂದ ಒಬ್ಬಳು ಹುಡುಗಿ ಬಂದು ಎರಡು ದಿನ ತರಬೇತಿ ಕೊಟ್ಟಳು. ನಾನೂ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಮಾತಾಡಬಾರದು. ತಲೆಯಾಡಿಸಬಾರದು. ಅಳಬಾರದು, ನಗಬಾರದು, ಮುಖದಲ್ಲಿ ಏನೂ ಕಾಣಬಾರದು. ವಕೀಲರಿಗೆ ಚೀಟಿ ಕೊಡಬಾರದು. ಒಬ್ಬ ವೀಕ್ಷಕರು ಬಾಯಿ ಬಿಟ್ಟರೂ ಇಡೀ ಕೌಂಟಿಯಲ್ಲಿ ಈ ಕೆಲಸ ನಿಂತು ಹೋಗುತ್ತದೆ, ಯಾಕೆಂದರೆ ಮುಚ್ಚಿದ ಬಾಗಿಲ ವಿಚಾರಣೆಗೆ ಜಡ್ಜು ಬಿಟ್ಟುಕೊಳ್ಳುವುದೇ ದೊಡ್ಡದು.

"ನಿಮಗೆ ಗೊತ್ತಿರೋ ಮನೆಯವರ ಕೇಸು ಬಂದ್ರೆ ಎದ್ದು ಹೊರಗೆ ಹೋಗ್ಬೇಕು," ಎಂದಳು ಆ ಹುಡುಗಿ.

"ಹಾಗಾದ್ರೆ ನಾನು ಒಳಗೆ ಬರೋದೇ ಬೇಡ ಬಿಡಮ್ಮ," ಎಂದಳು ವರ್ಲೀನ್. "ಈ ಕೌಂಟೀಲಿ ಮೂವತ್ತೈದರ ಒಳಗಿರೋರಲ್ಲಿ ಅರ್ಧ ಜನ ನನ್ನ ಬಸ್ಸಲ್ಲೇ ಸ್ಕೂಲಿಗೆ ಹೋಗಿರೋದು. ಅಲ್ಲಿ ಕೂತಿದಾನಲ್ಲ ವಕೀಲ ಪ್ರೂಯಿಟ್ಟು, ನನ್ನ ಸೀಟಿಗೆ ಚೂಯಿಂಗ್ ಗಮ್ ಅಂಟಿಸಿದೋನು ಅವ್ನೇ."

ಹುಡುಗಿ ಆಫೀಸಿಗೆ ಫೋನು ಮಾಡಿ ಬಂದಳು. ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದು ಪರಿಚಯ ಎಂದು ಲೆಕ್ಕಕ್ಕೆ ಬರುವುದಿಲ್ಲವಂತೆ. ರಾಜಧಾನಿಯವರ ಬುದ್ಧಿ ಅಷ್ಟೇ.

ಹೀಗೆ ಪ್ರತಿ ಮಂಗಳವಾರ ವರ್ಲೀನ್ ಕೊನೆಯ ಬೆಂಚಿಗೆ ಬಂದಳು. ಹಳೇ ಬಸ್ಸಿನ ಡ್ರೈವರ್ ಸೀಟಿನ ಹಳದಿ ದಿಂಬು, ಫ್ಲಾಸ್ಕಿನಲ್ಲಿ ಕಾಫಿ, ಒಂದು ಸ್ಟಾಪ್‌ವಾಚು, ರಟ್ಟಿಗೆ ಸಿಕ್ಕಿಸಿದ ಫಾರಮ್ಮು. ಫಾರಮ್ಮಿನಲ್ಲಿ ಚೌಕಗಳು. ಕರೆದ ಸಮಯ ಯಾವುದು, ಶುರುವಾದ ಸಮಯ ಯಾವುದು? ಎಷ್ಟು ನಿಮಿಷ ನಡೆಯಿತು? ಜಡ್ಜು ತಂದೆ ತಾಯಿಯನ್ನು ಹೆಸರು ಹಿಡಿದು ಮಾತಾಡಿಸಿದರೇ? ಮಗುವಿನ ಬಗ್ಗೆ ಯಾರಾದರೂ ಏನಾದರೂ ಕೇಳಿದರೇ? ಕೊನೆಯಲ್ಲಿ ಷರಾ ಬರೆಯಲು ಎರಡು ಗೆರೆ ಜಾಗ. ಹೆಸರು ಬರೆಯುವ ಹಾಗಿಲ್ಲ. ಬರೆದದ್ದೆಲ್ಲ ರಾಜಧಾನಿಗೆ ಹೋಗಿ ಸರಾಸರಿಯಾಗಿ ವಾಪಸ್ಸು ಬರುತ್ತಿತ್ತು.

ಆಗ ನಮ್ಮಲ್ಲಿ ನಡೆಯುತ್ತಿದ್ದ ಪದ್ಧತಿ ಹೀಗಿತ್ತು. ಎಲ್ಲರಿಗೂ ಎಂಟೂವರೆಗೇ ಬರಲು ಹೇಳುವುದು. ಇಪ್ಪತ್ತು ಮನೆಯವರು ಪಡಸಾಲೆಯಲ್ಲಿ ಒಬ್ಬರ ಮೇಲೊಬ್ಬರು ಕೂತಿರಬೇಕು, ಯಾರ ಸರದಿ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಹೆಸರು ಕೂಗಿದಾಗ ಯಾರಾದರೂ ಇಲ್ಲದಿದ್ದರೆ ನಾನು ಆ ಕಡತವನ್ನು ಸುಮ್ಮನೆ ರಾಶಿಯ ಅಡಿಗೆ ಹಾಕಿಬಿಡುತ್ತಿದ್ದೆ. ಅದನ್ನು ಯಾರೂ ನನಗೆ ಹೇಳಿಕೊಟ್ಟಿದ್ದಲ್ಲ, ಯಾವ ನಿಯಮದಲ್ಲೂ ಇಲ್ಲ. ನನ್ನ ಹಿಂದಿನ ದಫೇದಾರ ಹಾಗೇ ಮಾಡುತ್ತಿದ್ದ, ಅವನ ಹಿಂದಿನವನೂ ಅಷ್ಟೇ. ಜಡ್ಜಮ್ಮ ಹೋಲ್‌ಬ್ರೂಕ್ ಕನ್ನಡಕದ ಮೇಲಿಂದ ನೋಡುತ್ತಿದ್ದರು, ನೋಡದ ಹಾಗೆ ಇರುತ್ತಿದ್ದರು. ಕಡತ ಅಡಿಗೆ ಹೋದರೆ ಮತ್ತೆ ಮೇಲೆ ಬರುವುದು ಮಧ್ಯಾಹ್ನಕ್ಕೆ. ಅಷ್ಟರಲ್ಲಿ ಕೆಟ್ಟ ಕಾರು ರಿಪೇರಿಯಾಗಿ, ಬಸ್ಸು ತಪ್ಪಿದವರು ಯಾರದೋ ಕೈಕಾಲು ಹಿಡಿದು, ಹೇಗೋ ಬಂದು ಸೇರುತ್ತಿದ್ದರು.

ಇದೆಲ್ಲ ವರ್ಲೀನ್‌ಗೆ ಸಂಕಟ. ಅವಳಿಗೆ ವೇಳಾಪಟ್ಟಿ ಎಂದರೆ ಬೈಬಲ್ಲು. ಒಂದೂವರೆ ವರ್ಷ ಬರೆದಳು. ಒಬ್ಬಳು ತಾಯಿ ಐದು ಗಂಟೆ ಕಾದು ಏಳು ನಿಮಿಷ ಒಳಗಿದ್ದಳು ಎಂದು ಬರೆದಳು. ಮೂರು ವರ್ಷದ ಮಗು ಊಟವಿಲ್ಲದೆ ಬೆಂಚಿನ ಮೇಲೆ ಬಿದ್ದು ನಿದ್ದೆ ಹೋಯಿತು ಎಂದು ಬರೆದಳು. ಕಾದು ಕಾದು ಕೋಳಿ ಕಾರ್ಖಾನೆಯ ಕೆಲಸ ಕಳೆದುಕೊಂಡ ಅಪ್ಪ, ಅದೇ ಕಾರಣಕ್ಕೆ "ಆದಾಯವಿಲ್ಲ" ಎಂದು ಮಗುವನ್ನು ವಾಪಸ್ಸು ಪಡೆಯಲಾಗದೆ ಹೋದದ್ದನ್ನು ಷರಾದ ಎರಡು ಗೆರೆಯೊಳಗೆ ಹಿಡಿಸಲಾಗದೆ ಹಾಳೆಯ ಬೆನ್ನಿಗೂ ಬರೆದಳು. ಕೊನೆಗೆ ಒಂದು ಸಲಹೆ: ಪ್ರತಿ ಮನೆಯವರಿಗೂ ಅವರದೇ ಸಮಯ ಕೊಡಿ, ಅದೇ ಸಮಯಕ್ಕೆ ಶುರು ಮಾಡಿ.

ಜಡ್ಜಮ್ಮ ಅವಳನ್ನು ತಮ್ಮ ಕೊಠಡಿಗೆ ಕರೆಸಿದರು. ಕಾಫಿ ಕೊಂಡೊಯ್ದವನು ನಾನೇ.

"ವರ್ಲೀನ್, ನೀವು ಬರ್ದಿರೋದು ಓದಿ ನಂಗೆ ನಾಚ್ಕೆ ಆಯ್ತು," ಎಂದರು. "ಜನವರಿಯಿಂದ ನೀವು ಹೇಳ್ದ ಹಾಗೇ ಮಾಡೋಣ."

ವರ್ಲೀನ್ ಆ ದಿನ ಹೊರಗೆ ಬಂದಾಗ ಅವಳ ಮುಖ ನೋಡಬೇಕಿತ್ತು. ಮುಂದಿನ ವಾರ ಬ್ಲ್ಯಾಕ್‌ಬೆರಿ ಪೈ ಮಾಡಿಕೊಂಡು ಬಂದು ಪಡಸಾಲೆಯಲ್ಲಿ ಎಲ್ಲರಿಗೂ ಹಂಚಿದಳು, ಹೆತ್ತವರ ವಿರುದ್ಧ ವಾದಿಸುವ ಕೌಂಟಿ ವಕೀಲರನ್ನೂ ಬಿಡಲಿಲ್ಲ. ನಾನು ಮಾತ್ರ ನನ್ನ ಪಾಲನ್ನು ಪಕ್ಕಕ್ಕಿಟ್ಟೆ.

"ಎಲ್ಲಾ ಟೈಮಿಗೆ ನಡೆದ್ರೆ ಬರದೇ ಇದ್ದೋರ ಕಡತ ಅಡಿಗೆ ಹಾಕೋಕೆ ರಾಶಿ ಎಲ್ಲಿರುತ್ತೆ ವರ್ಲೀನ್?" ಎಂದೆ.

"ಟೈಮ್ ಗೊತ್ತಿದ್ರೆ ಜನ ಟೈಮಿಗೆ ಬರ್ತಾರೆ ಕಣಯ್ಯ. ಮೂವತ್ತೊಂದು ವರ್ಷ ನನ್ನ ಬಸ್ಸಿಗೆ ಬರ್ಲಿಲ್ವಾ?"

"ಬರದೇ ಇದ್ದೋರನ್ನ ಬಿಟ್ಟು ಹೋದೆಯಲ್ಲ?"

"ಒಂದು ನಿಮಿಷ ಕಾಯ್ತಿದ್ದೆ," ಎಂದಳು. "ನೀನು ಮುದುಕ ಆಗಿದೀಯ. ಹೊಸದು ಅಂದ್ರೆ ಮೈ ಉರಿಯುತ್ತೆ ನಿಂಗೆ."

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಹೊಸ ಪದ್ಧತಿಯಿಂದ ಒಳ್ಳೆಯದೇ ಆಯಿತು. ಪಡಸಾಲೆ ಖಾಲಿಯಾಯಿತು. ಹತ್ತು ಗಂಟೆಯ ಹೊತ್ತಿಗೆ ತಾಯಂದಿರು ಕೆಲಸಕ್ಕೆ ವಾಪಸ್ಸು ಹೋಗುತ್ತಿದ್ದರು. ಒಂದೊಂದು ವಿಚಾರಣೆಯ ಒಂಬತ್ತು ನಿಮಿಷದ ಸರಾಸರಿ ಹದಿನೇಳಾಯಿತು. ಅವಳು ನನ್ನ ಮುಂದೆ ರಾಜಧಾನಿಯಿಂದ ಬಂದ ಆ ಕಾಗದ ಹಿಡಿದು ಬೀಗಿದಳು, ನಾನೂ ಸೋತೆ ಎಂದು ಒಪ್ಪಿಕೊಂಡೆ.

ಶಾನಾ ಟ್ಯಾಕೆಟ್ ವಿಚಾರ ಬಂದದ್ದು ಆ ಮಾರ್ಚಿನಲ್ಲಿ. ಶಾನಾ ಲಿಕ್‌ಬ್ರಾಂಚಿನ ಗುಡ್ಡದ ಸಂದಿಯ ಹುಡುಗಿ, ಇಪ್ಪತ್ತಾರು ವರ್ಷ, ವರ್ಲೀನ್‌ಳ ಬಸ್ಸಿನಲ್ಲಿ ಒಂದನೇ ಕ್ಲಾಸಿನಿಂದ ಕೂತು ಬಂದವಳು. ನೋವಿನ ಮಾತ್ರೆಗಳ ಚಟಕ್ಕೆ ಬಿದ್ದಿದ್ದಳು. ನಮ್ಮ ಕಡೆ ಆ ಚಟ ತಟ್ಟದ ಮನೆಯೇ ಇಲ್ಲ. ಮಗಳು ಎಂಬರ್‌ಗೆ ಎರಡು ವರ್ಷವಾದಾಗ ಕೌಂಟಿಯವರು ಬಂದು ಎತ್ತಿಕೊಂಡು ಹೋದರು. ಅಂದಿನಿಂದ ಬಿದ್ದು ಎದ್ದು, ಮತ್ತೆ ಬಿದ್ದು, ಕೊನೆಗೆ ಎದ್ದು ನಿಂತಳು. ಹದಿನಾಲ್ಕು ತಿಂಗಳಿಂದ ಒಂದು ಮಾತ್ರೆ ಮುಟ್ಟಿರಲಿಲ್ಲ. ನದಿಯಾಚೆ ವೃದ್ಧಾಶ್ರಮದ ಬಟ್ಟೆ ಒಗೆಯುವ ಕೋಣೆಯಲ್ಲಿ ರಾತ್ರಿ ಪಾಳಿ, ಬೆಳಿಗ್ಗೆ ಏಳಕ್ಕೆ ಬಿಡುಗಡೆ. ಶನಿವಾರ ಎರಡು ಗಂಟೆ ಮಗಳ ಭೇಟಿ. ಒಂದು ಭೇಟಿಯನ್ನೂ ತಪ್ಪಿಸಿರಲಿಲ್ಲ. ತಪ್ಪಿಸಿದ್ದು ಒಂದು ವಿಚಾರಣೆ, ಅದೂ ಹಿಂದಿನ ಸೆಪ್ಟೆಂಬರಿನಲ್ಲಿ. ಬಸ್ಸು ಕೈಕೊಟ್ಟು ಹನ್ನೊಂದಕ್ಕೆ ಬಂದಳು. ಆಗ ಅವಳ ಕಡತ ನನ್ನ ರಾಶಿಯ ಅಡಿಯಲ್ಲಿ ಕ್ಷೇಮವಾಗಿತ್ತು. ಗೈರುಹಾಜರಿ ಮಾತ್ರ ಅಷ್ಟರಲ್ಲೇ ದಾಖಲಾಗಿತ್ತು.

ಡಿಸೆಂಬರಿನ ವಿಚಾರಣೆಯಲ್ಲಿ ಜಡ್ಜಮ್ಮ ಅವಳನ್ನು ಕೇಳಿದ್ದರು, "ಮಗಳ ಬಗ್ಗೆ ಏನಾದ್ರೂ ಹೇಳಮ್ಮ, ಶಾನಾ."

"ನಿದ್ದೆ ಬರೋ ಹೊತ್ತಿಗೆ ನನ್ನ ಕಿವಿ ಹಿಡ್ಕೋತಾಳೆ ಮಹಾಸ್ವಾಮಿ," ಎಂದಿದ್ದಳು. "ಶನಿವಾರ ಮಧ್ಯಾಹ್ನ ಸಾಕಾಗಿ ನಿದ್ದೆ ಬಂದ್ರೂ ಅಷ್ಟೇ. ಕಿವೀನೇ ಬೇಕು."

ವರ್ಲೀನ್ ಫಾರಮ್ಮಿನಲ್ಲಿ "ಮಗುವಿನ ಬಗ್ಗೆ ಕೇಳಿದರೇ?" ಎಂಬ ಚೌಕದಲ್ಲಿ ಎಷ್ಟು ಒತ್ತಿ ಗುರುತು ಹಾಕಿದ್ದಳೆಂದರೆ ಕೆಳಗಿನ ಹಾಳೆಗೂ ಮೂಡಿತ್ತು.

ಈ ಮಾರ್ಚಿನ ವಿಚಾರಣೆಯೇ ಕೊನೆಯದು. ಅತ್ತ ಎಂಬರ್ ಇರುವ ಮನೆಯ ಗಂಡ ಹೆಂಡತಿ ಅವಳನ್ನು ದತ್ತು ತೆಗೆದುಕೊಳ್ಳಲು ತಯಾರಿದ್ದರು; ಕೌಂಟಿ ವಕೀಲರು ಅದನ್ನೇ ಕೇಳಿದ್ದರು. ಇತ್ತ ಶಾನಾ ಬಂದು ತನ್ನ ಹದಿನಾಲ್ಕು ತಿಂಗಳ ಕಾಗದಪತ್ರ ತೋರಿಸಿದರೆ ಈಸ್ಟರ್ ಹಬ್ಬದ ಹೊತ್ತಿಗೆ ಮಗು ಮನೆಗೆ ಬರುತ್ತಿತ್ತು. ಅವಳಿಗೆ ಕಳಿಸಿದ ನೋಟೀಸಿನಲ್ಲಿ ದಪ್ಪ ಅಕ್ಷರದಲ್ಲಿತ್ತು: ಮಂಗಳವಾರ ಒಂಬತ್ತು ಹತ್ತಕ್ಕೆ. ಆ ಸಮಯಕ್ಕೆ ಬಾರದಿದ್ದರೆ ಕೌಂಟಿಯ ಕೋರಿಕೆಗೆ ನಿಮ್ಮ ಒಪ್ಪಿಗೆ ಇದೆಯೆಂದು ತಿಳಿಯಲಾಗುವುದು.

ಆ ಮಂಗಳವಾರ ಒಂಬತ್ತು ಐದಕ್ಕೆ ನಾನು ಬುಟ್ಟಿ ಹಿಡಿದು ಎಲ್ಲರ ಫೋನು ತೆಗೆದುಕೊಂಡೆ. ಕೋರ್ಟಿನೊಳಗೆ ಫೋನಿಲ್ಲ, ಅದು ಹಳೇ ನಿಯಮ. ಶಾನಾಳ ವಕೀಲ ಪ್ರೂಯಿಟ್ ತನ್ನ ಫೋನು ಹಾಕಿ ಒಳಗೆ ಹೋಗಿ ಕಡತ ಬಿಚ್ಚಿದ. ಅವನ ಕೈಯಲ್ಲಿ ಆಗ ಎಂಬತ್ತು ಕೇಸು. ಯಾವುದು ಯಾರದು ಎನ್ನುವುದಕ್ಕೇ ಅವನಿಗೆ ಎರಡು ನಿಮಿಷ ಬೇಕಾಗುತ್ತಿತ್ತು. ಕೊನೆಯ ಬೆಂಚಿನಲ್ಲಿ ವರ್ಲೀನ್ ಹಳದಿ ದಿಂಬಿನ ಮೇಲೆ ನೆಟ್ಟಗೆ ಕೂತಿದ್ದಳು. ಆದರೆ ಅವಳ ಮುಖ ಸರಿಯಿರಲಿಲ್ಲ.

ಯಾಕೆಂದು ಅವಳು ನನಗೆ ಹೇಳಿದ್ದು ಆ ಸಂಜೆ. ಎಂಟು ಐವತ್ತೆರಡಕ್ಕೆ ಅವಳಿಗೆ ಗೇಟಿನ ಕಡೆಯಿಂದ ಗೂಡ್ಸು ರೈಲಿನ ಕೂಗು ಕೇಳಿಸಿತ್ತು. ಊರಿನವರಾದ ನಮ್ಮ ಕಿವಿಗೆ ಆ ಕೂಗು ಬೀಳುವುದೇ ಇಲ್ಲ. ಮೂವತ್ತೊಂದು ವರ್ಷ ಅದಕ್ಕೆ ಕಿವಿಗೊಟ್ಟು ಬ್ರೇಕು ಹಾಕಿದವಳಿಗೆ ಕೇಳುತ್ತದೆ. ಕೂಗಿನ ಹಿಂದೆ ಗಾಲಿಗಳ ಸದ್ದು ಬಂತು, ನಿಧಾನವಾಯಿತು, ಆಮೇಲೆ ವ್ಯಾಗನುಗಳು ಒಂದಕ್ಕೊಂದು ಡಿಕ್ಕಿಯಾಡುವ ಸದ್ದು, ಆಮೇಲೆ ಏನೂ ಇಲ್ಲ. ರೈಲು ಗೇಟಿಗೆ ಅಡ್ಡ ನಿಂತಿದೆ. ಲಿಕ್‌ಬ್ರಾಂಚಿನ ಕಡೆಯಿಂದ ಆ ಹೊತ್ತಿಗೆ ಊರಿಗೆ ಬರುವ ಬಸ್ಸು ಒಂದೇ, ಅದು ಗೇಟಿಗೆ ಬರುವುದು ಎಂಟು ಐವತ್ತೈದಕ್ಕೆ. ಪಾಳಿ ಮುಗಿಸಿ ಮನೆಗೆ ಹೋಗಿ ಹೊರಟ ಶಾನಾ ಆ ಬಸ್ಸಿನಲ್ಲಿದ್ದಾಳೆ. ಕೋರ್ಟಿನಿಂದ ಅರ್ಧ ಮೈಲಿ ದೂರ. ಇದು ವರ್ಲೀನ್‌ಗೆ ಗಡಿಯಾರ ನೋಡಿದಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಒಂಬತ್ತು ಹತ್ತಕ್ಕೆ ಜಡ್ಜಮ್ಮ ತಲೆಯಾಡಿಸಿದರು. ನಾನು ಪಡಸಾಲೆಗೆ ಬಂದು ಮೆಟ್ಟಿಲ ಕಡೆಗೆ ಕೂಗಿದೆ, "ಶಾನಾ ಟ್ಯಾಕೆಟ್!" ಉತ್ತರವಿಲ್ಲ. ಕಿಟಕಿಯ ಹತ್ತಿರ ಹೋಗಿ ಕೆಳಗಿನ ಬೀದಿ ನೋಡಿ ಎರಡನೇ ಸಲ ಕೂಗಿದೆ. ಮೂರನೆಯದನ್ನು ಕೂಗುವ ಮೊದಲು ಬಗ್ಗಿ ಷೂ ಲೇಸು ಬಿಚ್ಚಿ ಮತ್ತೆ ಕಟ್ಟಿಕೊಂಡೆ. ಹಳೇ ಕಾಲದಲ್ಲಾಗಿದ್ದರೆ ಇಷ್ಟೆಲ್ಲ ನಾಟಕ ಬೇಕಿರಲಿಲ್ಲ, ಕಡತ ಅಡಿಗೆ ಹೋಗುತ್ತಿತ್ತು. ಈಗ ಒಂಬತ್ತೂವರೆಯ ಮನೆಯವರು ಆಗಲೇ ಬಂದು ಬೆಂಚಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಮೂರನೇ ಸಲ ಕೂಗಿ ವಾಪಸ್ಸು ಬಂದಾಗ ಬಾಗಿಲ ಹತ್ತಿರದ ಬುಟ್ಟಿಯಲ್ಲಿ ಯಾವುದೋ ಒಂದು ಫೋನು ಗುಂಯ್ ಎನ್ನುತ್ತಿತ್ತು. ಅವನ್ನು ಮುಟ್ಟುವ ಹಾಗಿರಲಿಲ್ಲ. ನಾನು ಮುಟ್ಟಲಿಲ್ಲ. ಅದು ಪ್ರೂಯಿಟ್‌ನ ಫೋನು, ಗೇಟಿನಾಚೆಯಿಂದ ಶಾನಾ ಮಾಡಿದ ಕರೆ ಎಂದು ಆಮೇಲೆ ಗೊತ್ತಾಯಿತು.

"ಮೂರು ಸಲ ಕೂಗಿದೆ ಮಹಾಸ್ವಾಮಿ, ಯಾರೂ ಇಲ್ಲ," ಎಂದೆ. ಒಂಬತ್ತು ಹದಿನಾಲ್ಕು.

"ಪ್ರೂಯಿಟ್, ನಿಮ್ಮ ಕಕ್ಷಿದಾರಳಿಂದ ಏನಾದ್ರೂ ಸುದ್ದಿ ಇದ್ಯಾ?" ಎಂದರು ಜಡ್ಜಮ್ಮ.

"ನಂಗೇನೂ ಗೊತ್ತಿಲ್ಲ ಮಹಾಸ್ವಾಮಿ. ನಿನ್ನೆ ಬರ್ತೀನಿ ಅಂದಿದ್ಲು."

ಕೌಂಟಿ ವಕೀಲರು ಎದ್ದು, ಇದು ಎರಡನೇ ಗೈರುಹಾಜರಿ, ನೋಟೀಸು ಸ್ಪಷ್ಟವಾಗಿದೆ, ಮಗು ಮೂರು ವರ್ಷದಿಂದ ಕಾಯುತ್ತಿದೆ ಎಂದರು. ಸುಳ್ಳೇನೂ ಹೇಳಲಿಲ್ಲ. ಜಡ್ಜಮ್ಮ ಗೋಡೆಯ ಗಡಿಯಾರ ನೋಡಿದರು. ಕೆಟ್ಟವರಲ್ಲ ಅವರು. ನಾಲ್ಕು ನಿಮಿಷ ಸುಮ್ಮನೆ ಕಡತ ತಿರುವಿ ಹಾಕಿದರು, ಓದಲು ಅದರಲ್ಲಿ ಹೊಸದೇನೂ ಇರಲಿಲ್ಲ. ಆಗ ಕೊನೆಯ ಬೆಂಚು ಕಿರ್ ಎಂದಿತು. ತಿರುಗಿ ನೋಡಿದರೆ ವರ್ಲೀನ್ ಅರ್ಧ ಎದ್ದಿದ್ದಾಳೆ, ಒಂದು ಕೈ ಮುಂದಿನ ಬೆಂಚಿನ ಮೇಲೆ, ಬಾಯಿ ತೆರೆದಿದೆ.

ಜಡ್ಜಮ್ಮ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಮೂವತ್ತೊಂದು ವರ್ಷ ಮಕ್ಕಳಿಗೆ "ಕೂತ್ಕೊಳ್ಳಿ" ಎಂದು ಗದರಿದವಳು ಆ ಒಂದು ನೋಟಕ್ಕೆ ಕೂತುಬಿಟ್ಟಳು.

"ಯಾಕೆ ಕೂತೆ?" ಎಂದು ನಾನು ಅವಳನ್ನು ಎಷ್ಟೋ ಸಲ ಕೇಳಿದ್ದೇನೆ, ಸಿಟ್ಟಿನಿಂದಲೂ ಕೇಳಿದ್ದೇನೆ.

"ಬಾಯಿ ಬಿಟ್ರೆ ಎಲ್ಲಾ ನಿಂತೋಗುತ್ತೆ ಅಂದಿದ್ರಲ್ಲ," ಎನ್ನುತ್ತಿದ್ದಳು. "ಇನ್ನೊಂದು ನಿಮಿಷಕ್ಕೆ ರೈಲು ಹೊರಡುತ್ತೆ ಅಂದ್ಕೊಂಡೆ."

ಒಂಬತ್ತು ಇಪ್ಪತ್ತೊಂದಕ್ಕೆ ಜಡ್ಜಮ್ಮ ಆದೇಶ ಓದಿದರು. ಶಾನಾ ಟ್ಯಾಕೆಟ್‌ಗೆ ಎಂಬರ್ ಮೇಲಿದ್ದ ತಾಯಿಯ ಹಕ್ಕು ಅಲ್ಲಿಗೆ ಮುಗಿಯಿತು. ರೈಲು ಹೊರಟಿದ್ದು ಒಂಬತ್ತು ಮೂವತ್ತೊಂದಕ್ಕೆ.

ಶಾನಾ ಮೆಟ್ಟಿಲು ಹತ್ತಿ ಬಂದಾಗ ಒಂಬತ್ತು ಮೂವತ್ತೇಳು. ಇಸ್ತ್ರಿ ಮಾಡಿದ ಬಿಳೀ ಅಂಗಿ, ಎದೆಗವಚಿಕೊಂಡ ಕಾಗದದ ಕಂತೆ, ಏದುಸಿರು. ಒಳಗೆ ಬೇರೆ ಮನೆಯವರ ವಿಚಾರಣೆ ನಡೆಯುತ್ತಿತ್ತು. ನಾನು ಬಾಗಿಲಿಗೆ ಅಡ್ಡ ನಿಂತೆ, ಅದೇ ನನ್ನ ಕೆಲಸ. ಬಾಗಿಲಿಗೆ ಬಂದ ಪ್ರೂಯಿಟ್ ಅವಳನ್ನು ಪಕ್ಕಕ್ಕೆ ಕರೆದು ಹೇಳಿದ. ಅವಳು ಕಿರುಚಲಿಲ್ಲ. "ಆದ್ರೆ ನಾನು ಬಂದಿದೀನಲ್ಲ," ಎಂದಳು. "ಬಂದಿದೀನಲ್ಲ ಸಾರ್, ಇಲ್ಲೇ ಇದೀನಲ್ಲ." ಅದನ್ನೇ ಐದಾರು ಸಲ ಹೇಳಿದಳು. ಪ್ರೂಯಿಟ್ ಮೇಲ್ಮನವಿ ಅದು ಇದು ಎಂದು ಏನೋ ಗೊಣಗಿ, ಇನ್ನೊಂದು ಕೇಸಿಗೆ ಒಳಗೆ ಹೋದ.

ವರ್ಲೀನ್ ಹೊರಗೆ ಬಂದಳು. ಶಾನಾ ಅವಳನ್ನು ನೋಡಿ ಮಗುವಿನ ಹಾಗೆ ಮುಖ ಮಾಡಿದಳು.

"ರೈಲು ನಿಂತಿತ್ತು ಮಿಸ್ ವರ್ಲೀನ್."

"ಗೊತ್ತು ಕಂದ."

"ಬಸ್ಸಲ್ಲಿದ್ದೋರೆಲ್ಲ ಇಳಿದು ಕೆಳಗೆ ನುಸುಳಿ ಹೋದ್ರು. ನನ್ನೂ ಕರೆದ್ರು. ನಾನು ಬಗ್ಗಿದೆ ಕೂಡ. ಆಮೇಲೆ ಆಗ್ಲಿಲ್ಲ." ಮೂಗು ಒರೆಸಿಕೊಂಡಳು. "ನೀವೇ ಹೇಳಿಸ್ತಿದ್ರಲ್ಲ, ಏನೇ ಆಗ್ಲಿ ಕಾಯ್ತೀನಿ ಅಂತ. ನಂಗೇನಾದ್ರೂ ಆದ್ರೆ ಎಂಬರ್‌ಗೆ ಯಾರಿದಾರೆ ಅನ್ಸ್ತು. ಅದಕ್ಕೇ ಕಾದೆ."

ವರ್ಲೀನ್ ಕೈಯಲ್ಲಿ ಫಾರಮ್ಮು ಹಾಗೇ ಇತ್ತು. ಅವಳು ಶಾನಾಳನ್ನು ತಬ್ಬಿಕೊಂಡಾಗ ಆ ರಟ್ಟು ಇಬ್ಬರ ನಡುವೆ ಸಿಕ್ಕಿಕೊಂಡು ಅಡ್ಡ ಬಂತು. ನಾನು ಅದನ್ನು ಬಿಡಿಸಿ ತೆಗೆದುಕೊಂಡೆ. ಓದಬಾರದಿತ್ತು, ಓದಿದೆ. ಹೇಳಿದ ಸಮಯಕ್ಕೆ ಶುರುವಾಯಿತೆ? ಹೌದು. ಎಷ್ಟು ನಿಮಿಷ? ಹನ್ನೊಂದು. ತಾಯಿ ಹಾಜರಿದ್ದರೇ? ಇಲ್ಲ. ಷರಾದ ಎರಡು ಗೆರೆ ಖಾಲಿ ಇತ್ತು.

ಆದೇಶ ರದ್ದು ಮಾಡಿ ಎಂದು ಪ್ರೂಯಿಟ್ ಅರ್ಜಿ ಹಾಕಿದ, ಆ ಮಟ್ಟಿಗೆ ಅವನನ್ನು ಬೈಯಲಾರೆ. ವರ್ಲೀನ್ ಸಾಕ್ಷಿ ಹೇಳುತ್ತೇನೆ ಎಂದು ರಾಜಧಾನಿಗೆ ಬರೆದಳು. ವೀಕ್ಷಕರು ಒಳಗೆ ಕಂಡದ್ದನ್ನು ಎಲ್ಲೂ ಹೇಳುವ ಹಾಗಿಲ್ಲ ಎಂದು ಉತ್ತರ ಬಂತು. ಒಳಗೆ ಕಂಡದ್ದಲ್ಲ, ಹೊರಗಿನಿಂದ ಕೇಳಿಸಿದ ರೈಲಿನ ಸದ್ದು ಎಂದು ಮತ್ತೆ ಬರೆದಳು. ಅದಕ್ಕೆ ಉತ್ತರವೇ ಬರಲಿಲ್ಲ. ಮೇ ತಿಂಗಳಲ್ಲಿ ಜಡ್ಜಮ್ಮ ಅರ್ಜಿ ತಳ್ಳಿಹಾಕಿದರು. ಮುಂಜಾನೆ ಆರು ಹತ್ತಕ್ಕೆ ಇನ್ನೊಂದು ಬಸ್ಸಿತ್ತು, ತಾಯಿ ಪಾಳಿ ಬದಲಿಸಿಕೊಂಡು ಅದರಲ್ಲಿ ಬರಬಹುದಿತ್ತು; ಫೋರ್ತ್ ಸ್ಟ್ರೀಟಿನಲ್ಲಿ ರೈಲು ನಿಲ್ಲುವುದು ಈ ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ ಎಂದು ಆದೇಶದಲ್ಲಿ ಬರೆದಿದ್ದರು. ಗೊತ್ತಿರುವ ಸಂಗತಿ! ನನಗೆ ಆ ಕಾಗದವನ್ನು ಹರಿದು ಬಿಸಾಡಬೇಕೆನ್ನಿಸಿತು. ಮಡಿಸಿ ಕಡತಕ್ಕೆ ಸೇರಿಸಿದೆ. ಎಂಬರ್ ದತ್ತು ಹೋದ ಮನೆಯವರು ಬೇಸಿಗೆಯಲ್ಲಿ ಬೇರೆ ರಾಜ್ಯಕ್ಕೆ ಹೋದರು. ಒಳ್ಳೆಯ ಜನ ಎಂದೇ ಕೇಳಿದ್ದೇನೆ. ಶಾನಾ ಈಗಲೂ ಬಟ್ಟೆ ಒಗೆಯುತ್ತಾಳೆ, ಮಾತ್ರೆ ಮುಟ್ಟಿಲ್ಲ. ಯಾರಿಗಾಗಿ ಮುಟ್ಟಿಲ್ಲವೋ ನನಗೆ ತಿಳಿಯದು.

ಜೂನಿನಲ್ಲಿ ವರ್ಲೀನ್ ಜಡ್ಜಮ್ಮನ ಕೊಠಡಿಗೆ ಹೋದಳು. ಹಳೇ ರಾಶಿ ವಾಪಸ್ಸು ತನ್ನಿ, ಬಾರದವರ ಕಡತ ಅಡಿಗೆ ಹಾಕುವುದಕ್ಕೆ ಬಿಡಿ ಎಂದು ಕೇಳಿದಳು. ಜಡ್ಜಮ್ಮ ಅವಳ ಕೈ ಹಿಡಿದುಕೊಂಡು, ಇನ್ನೂ ಆರು ಕೌಂಟಿಗಳು ನಮ್ಮನ್ನು ನೋಡಿ ಇದೇ ಪದ್ಧತಿ ಮಾಡಿಕೊಳ್ಳುತ್ತಿವೆ ಎಂಬ ಪತ್ರ ತೋರಿಸಿದರು. "ನಿಮ್ಮಿಂದ ಎಷ್ಟು ಮಕ್ಕಳಿಗೆ ಒಳ್ಳೇದಾಗಿದೆ ಗೊತ್ತಾ ವರ್ಲೀನ್?" ಎಂದರು. ಅದೂ ನಿಜವೇ. ಹೊರಗೆ ಬಂದವಳ ಮುಖದಲ್ಲಿ, ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆ, ಏನೂ ಕಾಣಲಿಲ್ಲ.

ಅವಳು ಬರುವುದನ್ನು ಬಿಡಲಿಲ್ಲ. ಮಂಗಳವಾರ ಬಂತೆಂದರೆ ಹಳದಿ ದಿಂಬು, ಫ್ಲಾಸ್ಕು, ಫಾರಮ್ಮು. ಸ್ಟಾಪ್‌ವಾಚು ಮಾತ್ರ ತರುತ್ತಿರಲಿಲ್ಲ.

ನಾನು ನಿವೃತ್ತನಾದ ಮೇಲೆ ಒಂದು ಬೆಳಿಗ್ಗೆ ಅವಳ ಕಾರಿನಲ್ಲಿ ಊರೊಳಗೆ ಬರುತ್ತಿದ್ದೆ. ಫೋರ್ತ್ ಸ್ಟ್ರೀಟಿನಲ್ಲಿ ರೈಲು ಅಡ್ಡ ನಿಂತಿತ್ತು. ಹೈಸ್ಕೂಲಿನ ಹುಡುಗಿಯೊಬ್ಬಳು ಬೆನ್ನಿನ ಚೀಲ ಕಳಚಿ ಕೈಯಲ್ಲಿ ಹಿಡಿದು, ಅತ್ತ ಇತ್ತ ನೋಡಿ, ವ್ಯಾಗನ್ ಕೆಳಗೆ ಬಗ್ಗಿದಳು. ವರ್ಲೀನ್ ಕಿಟಕಿ ಇಳಿಸಿ ಊರೇ ಕೇಳುವ ಹಾಗೆ ಗದರುತ್ತಾಳೆ ಎಂದು ಕಾದೆ. ಅವಳು ಹಾರ್ನಿನ ಮೇಲೆ ಕೈ ಇಟ್ಟಳು. ಒತ್ತಲಿಲ್ಲ. ಹುಡುಗಿ ಆಚೆ ಕಡೆ ಎದ್ದು, ಮೊಣಕಾಲು ಕೊಡವಿಕೊಂಡು ಓಡಿದಳು.

ವರ್ಲೀನ್ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಅವಳು ಟೈಮಿಗೆ ಮುಟ್ತಾಳೆ ಬಿಡು," ಎಂದಳು.